ಲೆಕ್ಕ ಕೇಳುವುದನ್ನೂ ಕಲಿಯೋಣ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇಂದು ವಿದ್ಯಾರ್ಥಿವೇತನ ಪಡೆಯುವ ಎಲ್ಲ ಮಕ್ಕಳಿಗೂ ಅಭಿನಂದನೆಗಳು. ಆದರೆ ಟ್ರಸ್ಟಿನ ಹಣ ಎಲ್ಲರಿಗೂ ಸಾಲದು. ಎಷ್ಟೋ ಮಕ್ಕಳ ಓದು ಸರ್ಕಾರದ ವಿದ್ಯಾರ್ಥಿವೇತನ, ಹಾಸ್ಟೆಲುಗಳನ್ನು ನಂಬಿದೆ. ಆ ಹಣ ತಡವಾದರೆ, ಓದು ನಿಲ್ಲಿಸುವ ಮಾತು ಮೊದಲು ಹೆಣ್ಣುಮಗಳ ಬಗ್ಗೆಯೇ ಬರುತ್ತದೆ. ಆದ್ದರಿಂದ ಅದರ ಲೆಕ್ಕ ಕೇಳುವ ಬಗೆಯನ್ನು ತಿಳಿಯೋಣ.

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರ ಅಹವಾಲು ಸಭೆ ಕರೆದರು. ಸರ್ಕಾರಿ ಕಾಮಗಾರಿಯ ದಾಖಲೆಗಳನ್ನು ಕೂಲಿಗಾರರ ಎದುರೇ ಗಟ್ಟಿಯಾಗಿ ಓದಿದರು. ಯಾರು ದುಡಿದರು, ಯಾರು ದುಡಿಯಲಿಲ್ಲ ಎಂಬುದು ಆ ಜನರಿಗೇ ಗೊತ್ತಿತ್ತು. ಅಕ್ಷರ ಬಾರದವರೂ ಲೆಕ್ಕ ತಪಾಸಣೆ ಮಾಡಬಲ್ಲರೆಂದು ಇಂಥ ಸಭೆಗಳು ತೋರಿಸಿದವು. ಆ ಚಳವಳಿಯ ಫಲವಾಗಿ 2005ರಲ್ಲಿ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂತು. ಕರ್ನಾಟಕ 2000ದಲ್ಲೇ ಇಂಥದೊಂದು ಕಾಯ್ದೆ ಮಾಡಿತ್ತು.

ಕಾಯ್ದೆಯ 4ನೇ ಕಲಮಿನ ಪ್ರಕಾರ, ಸಹಾಯಧನದ ಯೋಜನೆಗಳಿಗೆ ಇಟ್ಟ ಹಣ, ಫಲಾನುಭವಿಗಳ ವಿವರ ಇವನ್ನು ಯಾರೂ ಕೇಳದೆಯೇ ಇಲಾಖೆ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಿ. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. ಏಕೆ ಬೇಕೆಂದು ಹೇಳಬೇಕಾಗಿಲ್ಲ. ಬರೆಯಲು ಬಾರದವರಿಗೆ ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಇದೆ.

ಪ್ರಶ್ನೆ ಮಾತ್ರ ಸ್ಪಷ್ಟವಾಗಿರಲಿ. "ನಮಗೇಕೆ ಅನ್ಯಾಯ?" ಎಂದರೆ ಉತ್ತರ ಸಿಗದು. "ನನ್ನ ಅರ್ಜಿ ಯಾವ ದಿನ ಬಂತು, ಈಗ ಯಾವ ಹಂತದಲ್ಲಿದೆ, ಈ ವರ್ಷ ಬಿಡುಗಡೆಯಾದ ಹಣವೆಷ್ಟು, ದಾಖಲೆಯ ಪ್ರತಿ ಕೊಡಿ" ಎಂದು ಕೇಳಿ. ಸಕಾಲ ಯೋಜನೆಯಡಿ ಬರುವ ಸೇವೆಗಳಿಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಗ್ರಾಮಸಭೆ, ವಾರ್ಡ್ ಸಭೆಗಳಿಗೆ ತಾಯಂದಿರೂ ಬರಲಿ. ಜನ ನೋಡದಿದ್ದರೆ ತೆರೆದಿಟ್ಟ ಕಡತದಿಂದಲೂ ಪ್ರಯೋಜನವಿಲ್ಲ.

ಸರ್ಕಾರದ ಲೆಕ್ಕ ಕೇಳುವ ನಾವು ನಮ್ಮ ಲೆಕ್ಕವನ್ನೂ ತೆರೆದಿಡಬೇಕು. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಇಬ್ಬರ ನಡುವಿನ ಹಣಕ್ಕೇ ಇಷ್ಟು ಎಚ್ಚರವಿದ್ದರೆ, ದಾನಿಗಳು ನಂಬಿ ಕೊಟ್ಟ ಅಮಾನತ್ತಿಗೆ ಇನ್ನೆಷ್ಟಿರಬೇಕು? ಟ್ರಸ್ಟಿಗಳಲ್ಲಿ ನನ್ನದೊಂದು ವಿನಂತಿ: ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಯಾವ ನಿಯಮದಿಂದ ಆರಿಸಿದೆವು ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಿ. ಬಡಮಕ್ಕಳ ಮರ್ಯಾದೆ ಉಳಿಯುವಂತೆ ಹೆಸರಿನ ಬದಲು ಅರ್ಜಿ ಸಂಖ್ಯೆ ಇರಲಿ. ಸಿಗದವರಿಗೆ ಕಾರಣವನ್ನು ಬರಹದಲ್ಲಿ ತಿಳಿಸಿ.

ಮಕ್ಕಳೇ, ನಿಮ್ಮಲ್ಲಿ ಕೆಲವರು ನಾಳೆ ಅಧಿಕಾರಿಗಳಾಗುತ್ತೀರಿ. ನಿಮ್ಮ ಮೇಜಿಗೆ ಇಂಥ ಅರ್ಜಿ ಬಂದಾಗ ಸಕಾಲಕ್ಕೆ ಉತ್ತರಿಸಿ. ಅಲ್ಲಾಹನು ನಿಮ್ಮ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್. ವಸ್ಸಲಾಮ್.