ಶಾಲೆಗೆ ಯಂತ್ರ ಬಂತು, ಮೇಷ್ಟರನ್ನು ಕೇಳಿದವರು ಯಾರು?

(ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ವಿಷಯ ಮಾತಾಡಲು ಈ ಸಭೆಯೇ ಏಕೆ ಎಂದು ಕೆಲವರು ಕೇಳಬಹುದು. ಇಲ್ಲಿ ಕೂತವರಲ್ಲಿ ಮಕ್ಕಳ ಫೀಸಿಗಾಗಿ ಕೈಸಾಲ ಮಾಡದವರು ಎಷ್ಟು ಮಂದಿ, ಹೇಳಿ. ಪೇಟೆಯ ಖಾಸಗಿ ಶಾಲೆಗಳು 'ಸ್ಮಾರ್ಟ್ ಕ್ಲಾಸ್' ಎಂದು ಬೋರ್ಡು ಹಾಕಿಕೊಂಡಿವೆ. ಗೋಡೆಗೆ ದೊಡ್ಡ ಪರದೆ. ಅದರ ಹೆಸರಿನಲ್ಲಿ ಬೇರೆಯೇ ಒಂದು ಫೀಸು. ನಮ್ಮ ಸರ್ಕಾರಿ ಶಾಲೆಗೂ ಅಂಥದ್ದು ಬರಲಿ ಎಂದು ನಾವು ಅರ್ಜಿ ಕೊಡುತ್ತೇವೆ. ಬರಲಿ. ಉಳ್ಳವರ ಮಕ್ಕಳಿಗೆ ಯಂತ್ರ, ಇಲ್ಲದವರ ಮಕ್ಕಳಿಗೆ ಉಪದೇಶ ಎಂಬ ನ್ಯಾಯವನ್ನು ನಾನು ಒಪ್ಪುವವನಲ್ಲ. ಆದರೆ ಆ ಪರದೆಯ ಪಕ್ಕದಲ್ಲಿ ನಿಂತ ಉಪಾಧ್ಯಾಯರು ಕಲಿಯುವುದೆಂದರೆ ಏನೆಂದು ನಂಬಿದ್ದಾರೆ? ಪರದೆಯಿಂದ ನಮ್ಮ ಮಗುವಿಗೆ ದಕ್ಕುವುದು ಬಹುಮಟ್ಟಿಗೆ ಆ ನಂಬಿಕೆಯನ್ನು ಅವಲಂಬಿಸಿದೆ.

ಒಂದೇ ಚಿತ್ರವನ್ನು ಇಬ್ಬರು ಮೇಷ್ಟರು ತೋರಿಸುತ್ತಾರೆನ್ನಿ. ಬೀಜ ಮೊಳೆಯುವ ಪಾಠ. ಪಾಠವೆಂದರೆ ತಮ್ಮ ತಲೆಯಲ್ಲಿರುವುದನ್ನು ಮಗುವಿನ ತಲೆಗೆ ಸುರಿಯುವುದು ಎಂದು ಮೊದಲನೆಯವರ ನಂಬಿಕೆ. ಚಿತ್ರ ಮೊದಲಿನಿಂದ ಕೊನೆಯವರೆಗೆ ಓಡುತ್ತದೆ, ಮಕ್ಕಳು ಕೈಕಟ್ಟಿ ನೋಡುತ್ತಾರೆ, ಆಮೇಲೆ ಪ್ರಶ್ನೋತ್ತರ ಬರೆದುಕೊಳ್ಳುತ್ತಾರೆ. ಎರಡನೆಯವರು ನಡುವೆ ಚಿತ್ರ ನಿಲ್ಲಿಸಿ, "ಈಗ ಬೇರು ಮೊದಲು ಬರುತ್ತದೋ ಎಲೆಯೋ?" ಎನ್ನುತ್ತಾರೆ. ಮಕ್ಕಳು ಜಗಳಾಡುತ್ತಾರೆ. ನಾಳೆ ಮನೆಯಿಂದ ಒದ್ದೆಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ತನ್ನಿ ಎಂದು ಹೇಳಿ ಕಳಿಸುತ್ತಾರೆ. ಯಂತ್ರ ಒಂದೇ, ಕರೆಂಟಿನ ಬಿಲ್ಲೂ ಒಂದೇ. ಮೊದಲನೆಯವರು ಸೋಮಾರಿ ಎಂದು ತಿಳಿಯಬೇಡಿ. ಅವರು ಶ್ರದ್ಧೆಯಿಂದಲೇ ಹಾಗೆ ಮಾಡುತ್ತಾರೆ.

ಯಂತ್ರ ಬಂದರೆ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆ ಹಳೆಯದು. ಇನ್ನು ಹತ್ತು ವರ್ಷದಲ್ಲಿ ಶಾಲೆಗಳ ಸ್ವರೂಪವೇ ಬದಲಾಗುತ್ತದೆ, ಪುಸ್ತಕದ ಜಾಗವನ್ನು ಚಲನಚಿತ್ರ ಹಿಡಿಯುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದ. ಚಿತ್ರದ ಯಂತ್ರ ಮಾರುವವನು ಅವನೇ ಆಗಿದ್ದನೆಂಬುದನ್ನೂ ನೆನಪಿಡಿ. ಸಿನಿಮಾ ಬಂತು, ರೇಡಿಯೋ ಬಂತು, ಟೆಲಿವಿಷನ್ ಬಂತು. ಲ್ಯಾರಿ ಕ್ಯೂಬನ್ ಎಂಬ ಅಮೆರಿಕದ ವಿದ್ವಾಂಸರು ಈ ಕಥೆಯನ್ನೆಲ್ಲ ಕಲೆಹಾಕಿ 1986ರಲ್ಲಿ ಒಂದು ಪುಸ್ತಕ ಬರೆದರು. ಪ್ರತಿಸಲವೂ ಯಂತ್ರವನ್ನು ಆರಿಸಿದವರು ಮೇಲಿನವರು. ಬಳಸಬೇಕಾದವರನ್ನು ಕೇಳಿದ್ದು ಕಡಿಮೆ. ತರಗತಿಯ ತಮ್ಮ ಕಷ್ಟಕ್ಕೆ ಒದಗಿದ್ದನ್ನು ಉಪಾಧ್ಯಾಯರು ಇಟ್ಟುಕೊಂಡರು, ಉಳಿದದ್ದನ್ನು ಬಿಟ್ಟರು. ಕರಿಹಲಗೆ ಉಳಿದದ್ದು ಹೀಗೆ.

ಇದರ ಅತಿರೇಕ ನೋಡಬೇಕಾದರೆ ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ದ್ವೀಪಗಳಿಗೆ ಹೋಗಬೇಕು. ಅಲ್ಲಿ 1964ರಲ್ಲಿ ಟೆಲಿವಿಷನ್ನಿನ ಮೂಲಕವೇ ಶಾಲೆ ನಡೆಸುವ ಏರ್ಪಾಡಾಯಿತು. ಮುಖ್ಯ ಪಾಠ ಹೇಳುವವರು ಸ್ಟುಡಿಯೋದಲ್ಲಿ ಕೂತ ಉಪಾಧ್ಯಾಯರು. ತರಗತಿಯಲ್ಲಿದ್ದ ಸ್ಥಳೀಯ ಉಪಾಧ್ಯಾಯರ ಕೆಲಸ, ಪೆಟ್ಟಿಗೆ ಹಾಕುವುದು, ಅದು ಹೇಳಿದ್ದನ್ನು ಮಕ್ಕಳಿಂದ ಮತ್ತೆ ಹೇಳಿಸುವುದು. ಗಂಟೆ ಹೊಡೆದಂತೆ ಪಾಠ ಬರುತ್ತದೆ, ಹೋಗುತ್ತದೆ; ಮಗುವಿಗೆ ತಿಳಿಯದಿದ್ದರೆ ನಿಲ್ಲಿಸುವ ಹಾಗಿಲ್ಲ. ಮಿತ್ರರೆ, ಇದರ ರುಚಿ ನಿಮಗೆ ಗೊತ್ತು. ಹೊಸ ಯಂತ್ರ ಬಂದ ಮೇಲೆ ಕಸುಬುದಾರ ನೇಕಾರ ಎಳೆ ತುಂಡಾದದ್ದನ್ನು ಕಾಯುವವನಾಗಿ ಉಳಿದ ಕಥೆ ಗಿರಣಿಗೆ ಹೊಸದೇ? ಸಮೋವಾದ ಉಪಾಧ್ಯಾಯರೂ ಸುಮ್ಮನಿರಲಿಲ್ಲ. 1970ರ ದಶಕದ ಹೊತ್ತಿಗೆ ಅಸಮಾಧಾನ ಬೆಳೆದು, ಯಾವ ಪಾಠ ಬೇಕು, ಯಾವುದು ಬೇಡ ಎಂಬುದು ಮತ್ತೆ ಅವರ ಕೈಗೆ ಬಂತು.

ನಮ್ಮಲ್ಲೂ ಆಕಾಶದಿಂದ ಪಾಠ ಇಳಿದದ್ದುಂಟು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಳಿಗ್ಗೆ ಶಾಲಾಮಕ್ಕಳ ಕಾರ್ಯಕ್ರಮ. ಅದನ್ನು ನಡೆಸಿದವರ ಒಂದು ವಿವೇಕವನ್ನು ಮೆಚ್ಚಬೇಕು: ಮಕ್ಕಳಿಗೆ ಮಾತ್ರ ತೋರಿಸದೆ, ರಜದಲ್ಲಿ ಸಾವಿರಾರು ಪ್ರಾಥಮಿಕ ಉಪಾಧ್ಯಾಯರಿಗೂ ವಿಜ್ಞಾನದ ತರಬೇತಿ ಕೊಟ್ಟರು, ಕೈಯಾರೆ ಮಾಡಿಸಿ. ಆ ಪೆಟ್ಟಿಗೆಗೆ ಮರುಪ್ರಶ್ನೆ ಹಾಕುವ ದಾರಿ ಮಕ್ಕಳಿಗಿರಲಿಲ್ಲ; ಪಾಠ ಮುಗಿದ ಮೇಲೆ ಕೇಳಬೇಕಾದದ್ದು ಮೇಷ್ಟರನ್ನೇ.

ಪೆಗ್ಗಿ ಅರ್ಟ್ಮರ್ ಎಂಬ ವಿದುಷಿ 1999ರಲ್ಲಿ ಇದನ್ನು ಎರಡು ಅಡ್ಡಿಗಳೆಂದು ಬಿಡಿಸಿ ಹೇಳಿದರು. ಯಂತ್ರವಿಲ್ಲ, ಸಮಯವಿಲ್ಲ, ತರಬೇತಿಯಿಲ್ಲ ಎಂಬುದು ಹೊರಗಿನದು. ಕಲಿಸುವುದರ ಬಗೆಗೆ ಬೇರೂರಿದ ನಂಬಿಕೆ ಒಳಗಿನದು. ಹೊರಗಿನದಕ್ಕೆ ಟೆಂಡರು ಕರೆಯಬಹುದು. ಒಳಗಿನದಕ್ಕೆ ಯಾವ ಟೆಂಡರು?

ಹಾಗಾದರೆ ನಂಬಿಕೆ ಬದಲಾಗುವುದೇ ಇಲ್ಲವೆ? ಆಗುತ್ತದೆ. ಇದಕ್ಕೆ ನಮ್ಮ ನಾಡಿನದೇ ಸಾಕ್ಷಿಯಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳನ್ನು ಕಣ್ಣಾರೆ ನೋಡಿ ಬಂದರು. ಬಂದವರು ತಾವೇ ಕೂತು ಕನ್ನಡದಲ್ಲಿ ಕಾರ್ಡುಗಳನ್ನು ಮಾಡಿದರು. 'ನಲಿ ಕಲಿ' ಹುಟ್ಟಿತು. ಅದರಲ್ಲಿ ಯಾವ ವಿದ್ಯುತ್ ಯಂತ್ರವಿತ್ತು? ರಟ್ಟಿನ ಕಾರ್ಡು, ಗೋಡೆಯ ಮೇಲೆ ಕಲಿಕೆಯ ಏಣಿ, ಮಗುವಿನ ಕೈಗೆಟಕುವ ತಗ್ಗು ಕರಿಹಲಗೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ನೋಡಿ ತನ್ನ ಕಾರ್ಡು ಎತ್ತಿಕೊಳ್ಳುತ್ತದೆ. ಮೇಷ್ಟರು ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ನಡುವೆ ಕೂರುತ್ತಾರೆ. ಕುರ್ಚಿ ಬಿಡುವುದು ಸಣ್ಣ ಮಾತಲ್ಲ! ಮಗು ತಾನಾಗಿ ಕಲಿಯಬಲ್ಲದೆಂದು ನಂಬದವರು ಅದನ್ನು ಬಿಡಲಾರರು.

ಮುಂದೆ 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿಸಿದರು. ಕಾರ್ಡಿನ ಪೆಟ್ಟಿಗೆ ಎಲ್ಲ ಕಡೆ ತಲುಪಿತು. ಕೋಟೆಯವರು ತಾವೇ ನೋಡಿ ಬಂದು, ತಾವೇ ಕೈಯಿಂದ ಮಾಡಿದ್ದು, ಎಷ್ಟೋ ಕಡೆ ಮೇಲಿನ ಸುತ್ತೋಲೆಯಾಗಿ ಬಂತು. ನಾನು ನೋಡಿದ ಒಂದು ಶಾಲೆಯಲ್ಲಿ ಕಾರ್ಡಿನಲ್ಲಿದ್ದುದನ್ನು ಹಲಗೆಯ ಮೇಲೆ ಬರೆದು, ಎಲ್ಲರಿಂದ ಒಟ್ಟಿಗೆ ಕೂಗಿಸುತ್ತಿದ್ದರು. ಕಾರ್ಡು ಹೊಸದು, ಪಾಠ ಹಳೆಯದು.

ಇದಕ್ಕೆ ಮೇಷ್ಟರನ್ನೇ ಬೈಯುವುದು ಸುಲಭ. ಅವರ ನಂಬಿಕೆ ಆಕಾಶದಿಂದ ಬಿದ್ದದ್ದೆ? ಅವರು ಕಲಿತದ್ದು ಹಾಗೆ, ಪರೀಕ್ಷೆ ಕೇಳುವುದು ಅದನ್ನೇ, ಸಾಹೇಬರು ಬಂದು ಎಣಿಸುವುದು ಫಲಿತಾಂಶದ ಶೇಕಡವನ್ನು. ಇನ್ನು ನಾವು? ಸಂಜೆ ಮಗುವಿನ ನೋಟ್ಸು ತುಂಬಿದೆಯೇ ಎಂದು ನೋಡುತ್ತೇವೆ. ಇವತ್ತು ಏನು ಕೇಳಿದೆ ಎಂದು ಕೇಳುವುದಿಲ್ಲ. ಹೆಸರುಕಾಳು ಕಟ್ಟಿಸಿದ ಮೇಷ್ಟರ ಮೇಲೆ "ಪಾಠ ಮಾಡದೆ ಆಟ ಆಡಿಸುತ್ತಾರೆ" ಎಂದು ದೂರು ಕೊಟ್ಟ ತಂದೆಯರನ್ನೂ ನಾನು ಬಲ್ಲೆ.

ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ತಂದೆತಾಯಿಗಳೇ ಅದರ ಸದಸ್ಯರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಪರದೆಗೋ ಟ್ಯಾಬಿಗೋ ಸಹಿ ಹಾಕಿ ಎಂದು ಕಾಗದ ಮುಂದಿಟ್ಟಾಗ, ಇದನ್ನು ಆರಿಸುವ ಮುನ್ನ ನಮ್ಮ ಉಪಾಧ್ಯಾಯರನ್ನು ಕೇಳಿದಿರಾ, ಬೇಕಾದಲ್ಲಿ ಪಾಠ ನಿಲ್ಲಿಸುವ, ಬೇಡವಾದದ್ದನ್ನು ಬಿಡುವ ಅಧಿಕಾರ ಅವರಿಗಿದೆಯೇ, ಬೇರೆ ಶಾಲೆಯಲ್ಲಿ ಇದನ್ನು ಚೆನ್ನಾಗಿ ನಡೆಸುವವರನ್ನು ಅವರು ಹೋಗಿ ನೋಡಿ ಬರಲು ನಾಲ್ಕು ದಿನ ಬಿಡುವು ಕೊಡುತ್ತೀರಾ ಎಂದು ಕೇಳಿ. ಎರಡನೇ ಪಾಳಿಯವರಿಗೆ ಸಭೆಗೆ ಹೋಗಲಾಗದಿದ್ದರೆ ಮನೆಯ ಹೆಂಗಸರು ಹೋಗಲಿ. ಅಂಗಡಿಯವರು ಒಂದು ಗಂಟೆ ಬಾಗಿಲು ಎಳೆದುಕೊಂಡು ಬರಲಿ. ಸಮಿತಿಯ ಸಭೆ ಯಾವತ್ತೆಂದು ಮುಖ್ಯೋಪಾಧ್ಯಾಯರನ್ನು ನಾಳೆಯೇ ವಿಚಾರಿಸಿ.