ಫೆಲ್ಸಿ ಬಾಯಿಯ ಪೂರ್ತಿ ಹೆಸರು

(ನಾರಾವಿಯಲ್ಲಿ ಮಹಿಳಾ ದಿನದ ಸಭೆಯಲ್ಲಿ ಆಡಿದ ಮಾತು)



ನಮ್ಮ ನಾರಾವಿ ಕಡೆ ‘ಫೆಲ್ಸಿ ಬಾಯಿ’ ಅಂತ ಕರೆದರೆ ಯಾರಾದರೂ ತಿರುಗಿ ನೋಡಿಯಾರು. ‘ಫೆಲಿಸಿತಾಸ್’ ಅಂದರೆ ಯಾರೂ ತಿರುಗಲಿಕ್ಕಿಲ್ಲ. ಎರಡೂ ಒಂದೇ ಹೆಸರು.

ಲತೀನ್ ಭಾಷೆಯಲ್ಲಿ ‘ಫೆಲಿಕ್ಸ್’ ಎಂದರೆ ಮೊದಲು ಫಲ ಕೊಡುವಂಥದ್ದು ಎಂದೇ ಅರ್ಥ. ಫಲ ಬಿಡುವ ಮರಕ್ಕೂ ಆ ಮಾತು ಸಲ್ಲುತ್ತಿತ್ತು. ಅದೃಷ್ಟ, ಸಂತೋಷ ಎಂಬ ಅರ್ಥ ಆಮೇಲೆ ಬಂತು. ರೋಮಿನ ಧಣಿಗಳು ಒಳ್ಳೆಯ ಶಕುನವೆಂದು ದಾಸಿಯರಿಗೆ ‘ಫೆಲಿಸಿತಾಸ್’ ಎಂದು ಹೆಸರಿಡುತ್ತಿದ್ದರು. ಒಳ್ಳೆಯದಾಗುತ್ತಿದ್ದದ್ದು ಧಣಿಗೆ, ಅದು ಬೇರೆ ಮಾತು!

ಸಂತ ಫೆಲಿಸಿತಾಸ್ ಸಹ ದಾಸಿಯೇ. 203ರಲ್ಲಿ ಆಫ್ರಿಕದ ಕಾರ್ತೇಜಿನಲ್ಲಿ ಸೆರೆಯಾದಾಗ ತುಂಬು ಬಸುರಿ. ಸೆರೆಮನೆಯಲ್ಲೇ ಎಂಟನೇ ತಿಂಗಳಿಗೆ ಹೆಣ್ಣು ಮಗು ಹೆತ್ತಳು. ಮಗುವನ್ನು ಇನ್ನೊಬ್ಬ ಕ್ರೈಸ್ತ ಸ್ತ್ರೀ ಮಗಳಂತೆ ಸಾಕಿದಳು, ತಾಯಿ ರಕ್ತಸಾಕ್ಷಿಯಾದಳು. ಜೊತೆಗೆ ಸತ್ತ ಪೆರ್ಪೆತುವಾ ದೊಡ್ಡ ಮನೆತನದವಳು, ಹಾಲು ಕುಡಿಯುವ ಕೂಸಿನ ತಾಯಿ. ಸೆರೆಯ ದಿನಗಳನ್ನು ಸ್ವತಃ ಬರೆದಿಟ್ಟಳು. ಇಬ್ಬರ ಹಬ್ಬ ಮಾರ್ಚ್ 7. ಬಲಿಪೂಜೆಯ ಹಳೆಯ ರೋಮನ್ ಪ್ರಾರ್ಥನೆಯಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಬರುತ್ತದೆ. ದಾಸಿಯ ಹೆಸರೇ ಮೊದಲು.

ಈಗ ನಮ್ಮ ವಿಷಯ. ನನ್ನ ತಾಯಿ ಜ್ಞಾನಸ್ನಾನದ ಪುಸ್ತಕದಲ್ಲಿ ಫೆಲಿಸಿತಾಸ್, ಶಾಲೆಯಲ್ಲಿ ಫೆಲಿಸಿಟಾ, ಆಧಾರ್ ಕಾರ್ಡಿನಲ್ಲಿ ಫೆಲ್ಸಿ. ಮೂವರೂ ಒಬ್ಬಳೇ ಅಂತ ಅಫಿದವಿತ್ ಮಾಡಿಸುವವರೆಗೆ ವಿಧವಾ ವೇತನ ಸಿಗಲಿಲ್ಲ. ಅಷ್ಟು ದಿನ ಬಸ್ಸಿನ ಖರ್ಚು ನಮ್ಮದೇ.

ಮನೆಗೆ ಹೋಗಿ ಜ್ಞಾನಸ್ನಾನದ ಪತ್ರ, ಆಧಾರ್, ಬ್ಯಾಂಕಿನ ಪಾಸ್ ಬುಕ್ ಒಟ್ಟಿಗೆ ಇಟ್ಟು ನೋಡಿ. ಒಂದಕ್ಷರ ವ್ಯತ್ಯಾಸ ಕಂಡರೂ ಮುಂದಿನ ಸಭೆಗೆ ತನ್ನಿ, ಅರ್ಜಿ ಬರೆಯಲು ನಾವಿದ್ದೇವೆ.