ಮುಖ ತಿದ್ದುವ ವಿದ್ಯೆ: ಎತ್ತು ಹೊಡೆಯುವವನ ಮೂಗು ಹೇಳುವ ಪಾಠ

(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಸಭಿಕರ ಮುಂದೆ ಮಾಡಿದ ಭಾಷಣದ ಲೇಖನ ರೂಪ)



ಜೋತುಬಿದ್ದ ಕೆನ್ನೆ, ಸಡಿಲವಾದ ಕತ್ತನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವುದಕ್ಕೆ ಫೇಸ್‌ಲಿಫ್ಟ್ ಎನ್ನುತ್ತಾರೆ. ಒಂದು ಕಾಲಕ್ಕೆ ಸಿನಿಮಾ ತಾರೆಯರ ಸುದ್ದಿಯಾಗಿದ್ದ ಇದರ ಬಗ್ಗೆ ಈಗ ನಮ್ಮ ಊರುಗಳಲ್ಲೂ ವಿಚಾರಿಸುವವರಿದ್ದಾರೆ. ಅವರೆಲ್ಲರ ಅಳುಕು ಒಂದೇ: "ಮಾಡಿಸಿಕೊಂಡ ಮೇಲೆ ಮುಖ ನನ್ನದಾಗಿಯೇ ಉಳಿಯುತ್ತದೆಯೇ? ಅಥವಾ ನೋಡಿದವರು ಮುಖವಾಡ ಅಂದುಕೊಳ್ಳುತ್ತಾರೆಯೇ?" ಇದು ಹಗುರವಾದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹುಡುಕಲು ಪ್ಯಾರಿಸ್ಸಿಗೆ ಹೋಗುವ ಮೊದಲು ನಮಗೆ ಗೊತ್ತಿರುವ ಎತ್ತುಗಳ ಕಥೆಯಿಂದಲೇ ಹೊರಡೋಣ.

ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ, ಬೀರೂರು ಮತ್ತು ಬಾಸೂರಿನ ಕಾವಲುಗಳಿಂದಾಗಿ ಅಮೃತಮಹಲ್ ರಾಸು ಈ ಸೀಮೆಯವರಿಗೆ ಹೊಸದಲ್ಲ. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಆಗಿದ್ದುದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಆ ಕಾಲದ ಯುದ್ಧ ನಡೆಯುತ್ತಿದ್ದುದು ಎತ್ತಿನ ಹೆಗಲ ಮೇಲೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಬಂದ ಲಾರ್ಡ್ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ಫಿರಂಗಿ ಎಳೆಯುವವರಿಲ್ಲದೆ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಇಂಥ ಯುದ್ಧದಲ್ಲಿ ಎತ್ತು ಹೊಡೆಯುವವನ ಪ್ರಾಣಕ್ಕೂ ಸಿಪಾಯಿಯ ಪ್ರಾಣದಷ್ಟೇ ಅಪಾಯ.

ಅಂಥ ಒಬ್ಬ ಕವಾಸ್ಜಿ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠಾ ಒಕ್ಕಲಿಗ. 1792ರ ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಝೀನ್' 1794ರ ಅಕ್ಟೋಬರ್ ಸಂಚಿಕೆಯಲ್ಲಿ ವರದಿ ಮಾಡಿತು. ಮೂಗು ಕೊಯ್ಯುವುದು ಆಗ ಹೊಸ ಶಿಕ್ಷೆಯಲ್ಲ. 17ನೆಯ ಶತಮಾನದಲ್ಲಿ ಮೈಸೂರು ಮತ್ತು ಮಧುರೆಯ ನಡುವೆ ನಡೆದ ಕಾಳಗಕ್ಕೆ ಮೂಗಿನ ಯುದ್ಧವೆಂದೇ ಹೆಸರು. ಶೂರ್ಪನಖಿಯ ಕಥೆ ಕೇಳಿ ಬೆಳೆದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂಗು ಹೋದರೆ ಉಸಿರು ಹೋಗುವುದಿಲ್ಲ, ಮಾನ ಹೋಗುತ್ತದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಕವಾಸ್ಜಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂಡಿಸಿದ. ಆ ಕುಶಲಕರ್ಮಿಯ ಹೆಸರು ವರದಿಯಲ್ಲಿಲ್ಲ, ಕ್ರಮ ಮಾತ್ರ ವಿವರವಾಗಿದೆ. ಮೊದಲು ಮೇಣದ ತೆಳು ಹಾಳೆಯಿಂದ ಆ ಮುಖಕ್ಕೆ ಒಪ್ಪುವ ಮೂಗಿನ ಅಚ್ಚು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ. ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುವುದು. ಆ ಪಟ್ಟಿಯೇ ರಕ್ತದ ಕಾಲುವೆ. ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಮೊಂಡು ಮೂಗಿನ ಸುತ್ತ ಮಾಡಿದ ಸೀಳಿನೊಳಗೆ ಅಂಚು ಸೇರಿಸುವುದು. ಅಂಟಿಗೆ ನಾವು ಎಲೆ ಅಡಿಕೆಗೆ ಹಾಕುವ ಕಾಚು. ನಾಲ್ಕು ದಿನಗಳ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ, ಹೊಸ ಮೂಗು ಕೆಳಗೆ ಬೇರೂರಿದ ಮೇಲೆ, ಆ ಪಟ್ಟಿಯನ್ನು ಕತ್ತರಿಸುವುದು. ಫಲ ಸಹಜ ಮೂಗಿಗೆ ಹೆಚ್ಚು ಕಡಿಮೆಯಿಲ್ಲದಂತಿತ್ತು, ಹಣೆಯ ಗಾಯದ ಗುರುತೂ ಕ್ರಮೇಣ ಮಾಸುತ್ತದೆ ಎಂದು ವರದಿ ಹೇಳುತ್ತದೆ.

ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮವಿದೆ. ಹಣೆಯ ಚರ್ಮದ ಕ್ರಮ ಈ ವರದಿಯಿಂದ ಯುರೋಪಿಗೆ ತಿಳಿಯಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದನ್ನು ಮಾಡಿ, 1816ರಲ್ಲಿ ಪುಸ್ತಕ ಪ್ರಕಟಿಸಿದರು. ಕ್ಯಾನ್ಸರ್‌ನಿಂದ ಮೂಗು ಕಳೆದುಕೊಂಡವರಿಗೆ ಇಂದಿಗೂ ಹಣೆಯ ಚರ್ಮವನ್ನೇ ಬಳಸುತ್ತಾರೆ.

ಈಗ ಫೇಸ್‌ಲಿಫ್ಟ್‌ಗೆ ಬರೋಣ. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯರು ಮೊದಲಿಗೆ ಮಾಡಿದ್ದು ಸರಳ ಕೆಲಸ: ಕಿವಿಯ ಬಳಿ ಚರ್ಮ ಎಳೆದು, ಹೆಚ್ಚಾದುದನ್ನು ಕತ್ತರಿಸಿ ಹೊಲಿಯುವುದು. ತಮಟೆಗೆ ಚರ್ಮ ಬಿಗಿದ ಹಾಗೆ. ಚರ್ಮ ಮತ್ತೆ ಹಿಗ್ಗುತ್ತದೆ, ಬಿಗಿದ ಹೊಲಿಗೆಯ ಗುರುತು ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಜಗ್ಗುತ್ತದೆ, ಬಾಯಿಯ ಮೂಲೆ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಎದುರುಗಾಳಿಗೆ ಮುಖವೊಡ್ಡಿ ನಿಂತಂತಹ ನೋಟ ಹುಟ್ಟುವುದು ಹೀಗೆ.

ಹಳೆಯ ಹೆಂಚಿನ ಮನೆಯ ಸೂರು ಕುಸಿದರೆ ನಾವು ಹೆಂಚನ್ನು ಎಳೆಯುವುದಿಲ್ಲ, ಕೆಳಗಿನ ತೊಲೆ ಎತ್ತುತ್ತೇವೆ. ಮುಖದ ತೊಲೆ ಯಾವುದೆಂದು ಶಸ್ತ್ರವೈದ್ಯರು ಕಂಡುಕೊಂಡದ್ದು ತಡವಾಗಿ. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1974ರಲ್ಲಿ ಚರ್ಮದ ಜೊತೆ ಅದರ ಕೆಳಗಿನ ಪದರವನ್ನೂ ಎತ್ತುವ ಕ್ರಮವನ್ನು ವಿವರಿಸಿದರು. 1976ರಲ್ಲಿ ಮಿಟ್ಸ್ ಮತ್ತು ಪೆರೋನಿ ಎಂಬ ಫ್ರಾನ್ಸಿನ ವೈದ್ಯರು, ಮುಖದ ಸ್ನಾಯುಗಳಿಗೆ ಹೊಂದಿಕೊಂಡ ಆ ಪದರಕ್ಕೆ 'ಸ್ಮಾಸ್' ಎಂಬ ಹೆಸರು ಕೊಟ್ಟರು. ಭಾರವನ್ನೆಲ್ಲ ಈ ಪದರ ಹೊತ್ತರೆ ಚರ್ಮ ಬಿಗಿಯಿಲ್ಲದೆ ಮೇಲೆ ಹಾಸಿಕೊಳ್ಳುತ್ತದೆ. ಸಹಜ ನೋಟದ ಗುಟ್ಟು ಇದೇ. ಆದರೆ ಇದೇ ಪದರದ ಕೆಳಗೆ ನಗು, ಕಣ್ಣು ಮಿಟುಕು ಎಲ್ಲವನ್ನೂ ನಡೆಸುವ ನರದ ಕವಲುಗಳಿವೆ. ಆದ್ದರಿಂದ ಇದು ಪಳಗಿದ ಕೈಯ ಕೆಲಸ.

ವಯಸ್ಸಾದಂತೆ ಮುಖ ಜೋಲುವುದಷ್ಟೇ ಅಲ್ಲ, ಕೊಬ್ಬು ಕರಗಿ ಬತ್ತುತ್ತದೆ ಕೂಡ. ಬತ್ತಿದ ಕಡೆ ದೇಹದ ಬೇರೆ ಭಾಗದ ಕೊಬ್ಬನ್ನು ಮಿತವಾಗಿ ತುಂಬುವುದುಂಟು. ಗಾಯದ ಗೆರೆ ಕಿವಿಯ ತಿರುವಿನಲ್ಲಿ, ಕೂದಲ ಅಂಚಿನಲ್ಲಿ ಅಡಗಬೇಕು. ಒಳ್ಳೆಯ ವೈದ್ಯರು ನಿಮ್ಮ ಹಳೆಯ ಫೋಟೋ ಕೇಳುತ್ತಾರೆ, ನಟಿಯ ಫೋಟೋ ಅಲ್ಲ. ಪುಣೆಯ ಆ ಕುಶಲಕರ್ಮಿಯ ಮೇಣದ ಅಚ್ಚಿನ ಕೆಲಸವನ್ನು ಈಗ ಆ ಹಳೆಯ ಫೋಟೋ ಮಾಡುತ್ತದೆ.

ಆತ ಉಳಿಸಿದ ರಕ್ತದ ಪಟ್ಟಿಯ ಪಾಠವೂ ಹಳತಾಗಿಲ್ಲ. ಬೀಡಿ, ಸಿಗರೇಟು, ಎಲೆಯ ಜೊತೆಗಿನ ಹೊಗೆಸೊಪ್ಪು ಇವುಗಳ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎತ್ತಿದ ಚರ್ಮ ರಕ್ತವಿಲ್ಲದೆ ಸಾಯಬಹುದು. ರಕ್ತದೊತ್ತಡ ಹತೋಟಿಯಲ್ಲಿಲ್ಲದಿದ್ದರೆ ಚರ್ಮದ ಕೆಳಗೆ ರಕ್ತ ಗಡ್ಡೆಗಟ್ಟುತ್ತದೆ. ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ, ಅರಿವಳಿಕೆ ಕೊಡುವವರು ಯಾರು, ರಾತ್ರಿ ತೊಂದರೆಯಾದರೆ ನೋಡುವವರು ಯಾರು ಎಂದು ಮೊದಲೇ ಕೇಳಿ. ಇದರಲ್ಲಿ ಸಂಕೋಚ ಬೇಡ. ಅಗ್ಗದ ದರ ಹೇಳಿ ಅವಸರ ಮಾಡುವವರಿಂದ ದೂರವಿರಿ. ಚೆನ್ನಾಗಿ ಮಾಡಿದ ಚಿಕಿತ್ಸೆಯೂ ಕೆಲವು ವರ್ಷ ಹಿಂದಕ್ಕೆ ತರುತ್ತದೆಯೇ ಹೊರತು ವಯಸ್ಸನ್ನು ನಿಲ್ಲಿಸುವುದಿಲ್ಲ.

ಕವಾಸ್ಜಿ ಬಯಸಿದ್ದು ಚೆಲುವಲ್ಲ. ಸಂತೆಯಲ್ಲಿ ಜನ ತನ್ನನ್ನು ತಿರುಗಿ ನೋಡದಂತಾದರೆ ಅವನಿಗೆ ಸಾಕಿತ್ತು. ಮುಖ ತಿದ್ದುವ ವಿದ್ಯೆ ಹುಟ್ಟಿದ್ದೇ ಆ ಬಯಕೆಗಾಗಿ. ಮುಖ ತಿದ್ದಿಸಿಕೊಳ್ಳಲು ಹೊರಟವರು ಅದೇ ಅಳತೆಗೋಲನ್ನು ಇಟ್ಟುಕೊಂಡರೆ ಒಳ್ಳೆಯದು. ಪರಿಚಿತರು ನಿಮ್ಮನ್ನು ಕಂಡು "ಚೆನ್ನಾಗಿ ನಿದ್ದೆ ಮಾಡಿದ್ದೀರಿ" ಎಂದರೆ ಕೆಲಸ ಸರಿಯಾಗಿದೆ, "ಯಾರ ಹತ್ತಿರ ಮಾಡಿಸಿದಿರಿ?" ಎಂದರೆ ಸರಿಯಾಗಿಲ್ಲ.